ಗುಂಡಿ ಡಬ್ಬಿಯ ಮಾತ್ರೆಗಳು

ಆ ಸೋಮವಾರ ಬೆಳಿಗ್ಗೆ ಏಳೂವರೆಗೆ ಬಹಳ ಗಂಭೀರವಾದ ಒಂದು ಘಟನೆ ನಡೆಯಿತು. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಟೀವಿಯವರು ಕ್ಯಾಮೆರಾ ಹೊತ್ತು ಓಡಿ ಬರಲಿಲ್ಲ. ಆದರೆ ಟೈಲರಮ್ಮನ ಮನೆಯ ಮಟ್ಟಿಗೆ ಅದು ಸೂರ್ಯ ಪಶ್ಚಿಮಕ್ಕೆ ಹುಟ್ಟಿದಷ್ಟೇ ದೊಡ್ಡ ಸಂಗತಿ.

ಪೈಲ್ವಾನ ಬಿಸ್ಕತ್ತು ಬೇಡ ಎಂದ.

"ತಗೊಳ್ಳೋ ನನ್ನಪ್ಪ," ಎಂದು ಪಿಟೀಲು ಬಿಸ್ಕತ್ತನ್ನು ಅವನ ಮೂಗಿಗೇ ಹಿಡಿದಳು. "ಕ್ರೀಮ್ ಬಿಸ್ಕೆಟ್ ಕಣೋ. ನನಗೇ ಕೊಟ್ಟಿಲ್ಲ ಅಮ್ಮ."

ಪೈಲ್ವಾನ ಮೂಸಿದ. ಮರ್ಯಾದೆಗೆ ಎಂಬಂತೆ ಬಾಲದ ತುದಿಯನ್ನು ಒಂದೇ ಒಂದು ಸಲ ಅಲ್ಲಾಡಿಸಿದ. ಆಮೇಲೆ ಮುಖ ಆಚೆ ತಿರುಗಿಸಿದ.

ಪೈಲ್ವಾನ ಎಂದರೆ ನಾಯಿ. ವಯಸ್ಸು ಹದಿಮೂರು. ಒಂದು ಕಾಲದಲ್ಲಿ ಒಂದೇ ನೆಗೆತಕ್ಕೆ ಕಾಂಪೌಂಡ್ ಗೋಡೆ ಹಾರುತ್ತಿದ್ದನಂತೆ, ಅದಕ್ಕೇ ಆ ಹೆಸರು. ಈಗ ಹೊಸ್ತಿಲು ದಾಟಬೇಕಾದರೂ ಒಂದು ಗಳಿಗೆ ನಿಂತು ಯೋಚನೆ ಮಾಡುತ್ತಾನೆ. ಪಿಟೀಲು ಎಂದರೆ ಹುಡುಗಿ. ವಯಸ್ಸು ಹತ್ತು. ಕೂಸಾಗಿದ್ದಾಗ ಒಂದೇ ತಂತಿಯ ಮೇಲೆ ಗಂಟೆಗಟ್ಟಲೆ ಅಳುತ್ತಿದ್ದಳು ಎಂದು ಅಜ್ಜ ಇಟ್ಟ ಹೆಸರು ಅದು. ಈಗ ಅವಳು ಐದನೇ ಕ್ಲಾಸು, ಅಳುವುದನ್ನು ಬಿಟ್ಟು ವರ್ಷಗಳಾಗಿವೆ. ಆದರೆ ಒಮ್ಮೆ ಅಂಟಿಕೊಂಡ ಹೆಸರು ಬಿಡುತ್ತದೆಯೇ?

ಪೈಲ್ವಾನನ ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಬಹಳ ಬೇಗ ಬೇಗ. ಪಿಟೀಲು ಗೋಡೆ ಗಡಿಯಾರ ನೋಡುತ್ತಾ ಉಸಿರು ಎಣಿಸಿದಳು. ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ ಮೂವತ್ತರ ಒಳಗಿರಬೇಕು ಎಂದು ಪ್ರಾಣಿಗಳ ಡಾಕ್ಟ್ರಮ್ಮ ಹೇಳಿದ್ದರು.

ಐವತ್ತೆರಡು.

ತಪ್ಪಾಗಿ ಎಣಿಸಿರಬಹುದು ಎಂದು ಇನ್ನೊಂದು ಸಲ ಎಣಿಸಿದಳು. ಐವತ್ತನಾಲ್ಕು.

ಅಮ್ಮ ಮುಂದಿನ ಕೋಣೆಯಿಂದ ಬಂದಳು. ಬಾಯಲ್ಲಿ ಎರಡು ಗುಂಡುಸೂಜಿ, ಕೊರಳಲ್ಲಿ ಅಳತೆ ಟೇಪು. ಪೈಲ್ವಾನನನ್ನು ನೋಡಿದಳು. ಆಮೇಲೆ ಸೂಜಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಮಾತ್ರೆ ಕೊಟ್ಯಾ?"

"ಕೊಟ್ಟೆ."

"ನುಂಗಿದ್ನಾ?"

"ಹೂಂ. ಬ್ರೆಡ್ಡಿನ ಒಳಗಿಟ್ಟು ಗಂಟಲಿಗೇ ಹಾಕಿದೆ."

"ಇವತ್ತು ಸಂಜೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಸ್ಕೂಲಿಂದ ನೆಟ್ಟಗೆ ಬಾ, ದಾರೀಲಿ ನಿಂತ್ಕೊಂಡು ಹರಟಬೇಡ."

ಮಾತ್ರೆ ಕೊಟ್ಟೆ ಎಂದು ಪಿಟೀಲು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಪೈಲ್ವಾನನಿಗೆ ಏನಾಗಿದೆ ಎಂದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಯಾಕೆಂದರೆ ಮಾಡಿದವಳು ಅವಳೇ.

*

ಪಿಟೀಲು ಏನು ಮಾಡಿದಳು ಎಂದು ತಿಳಿಯಬೇಕಾದರೆ ಈ ಮನೆಯ ರೀತಿ ಗೊತ್ತಿರಬೇಕು.

ಅಮ್ಮನ ಕೆಲಸ ಹೊಸ ಬಟ್ಟೆ ಹೊಲಿಯುವುದಲ್ಲ, ಹಳೆಯದನ್ನು ಬದುಕಿಸುವುದು. ಶರ್ಟಿನ ಕಾಲರ್ ಸವೆದರೆ ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿಯುತ್ತಾಳೆ. ಶರ್ಟಿಗೆ ಇನ್ನೆರಡು ವರ್ಷ ಆಯಸ್ಸು. ಅಣ್ಣನ ಪ್ಯಾಂಟು ತಮ್ಮನಿಗಾಗುತ್ತದೆ, ತಮ್ಮನ ಪ್ಯಾಂಟು ಚೀಲವಾಗುತ್ತದೆ. ಆದರೆ ಈಗೀಗ ಜನ ಕಾಲರ್ ಸವೆದರೆ ಶರ್ಟನ್ನೇ ಎಸೆಯುತ್ತಾರೆ. ಹಾಗಾಗಿ ಮನೆಯಲ್ಲೂ ಎಲ್ಲವನ್ನೂ ಎಳೆದು ಎಳೆದು ಬಳಸಬೇಕು. ಸೋಪಿನ ಚೂರು ಹೊಸ ಸೋಪಿನ ಬೆನ್ನೇರುತ್ತದೆ. ಟೂತ್‌ಪೇಸ್ಟ್ ಮುಗಿದರೆ ಟ್ಯೂಬಿನ ಹೊಟ್ಟೆ ಸೀಳಿ ಮತ್ತೆ ನಾಲ್ಕು ದಿನ. ಅಜ್ಜನಂತೂ ತನ್ನ ಬೀಪಿ ಮಾತ್ರೆಯನ್ನೇ ಚಾಕುವಿನಿಂದ ಎರಡು ಮಾಡುತ್ತಾನೆ.

"ಪೂರ್ತಿ ಮಾತ್ರೆ ದಪ್ಪ ಮನುಷ್ಯರಿಗೆ ಕಣೇ," ಎನ್ನುತ್ತಾನೆ. "ನನ್ನಂಥ ಸಣಕಲನಿಗೆ ಅರ್ಧ ಹೆಚ್ಚು."

ಎರಡು ತಿಂಗಳ ಹಿಂದೆ ಪೈಲ್ವಾನ ಕೆಮ್ಮಲು ಶುರು ಮಾಡಿದ. ಹೃದಯಕ್ಕೆ ವಯಸ್ಸಾಗಿದೆ ಎಂದು ಡಾಕ್ಟ್ರಮ್ಮ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಸರ್ಕಾರಿ ಆಸ್ಪತ್ರೆ, ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಮಾತ್ರೆ ಹೊರಗೆ ಕೊಳ್ಳಬೇಕು. ಮೊದಲ ಎರಡು ವಾರ ಅಮ್ಮನೇ ಕೊಟ್ಟಳು. ಆಮೇಲೆ ಮಾತ್ರೆಗಳನ್ನೆಲ್ಲ ಬಿಡಿಸಿ, ಹಳೆಯ ಗುಂಡಿ ಡಬ್ಬಿಯೊಂದಕ್ಕೆ ಹಾಕಿ, ಪಿಟೀಲಿನ ಕೈಗೆ ಕೊಟ್ಟಳು. "ಇನ್ನು ಇದು ನಿನ್ನ ಡ್ಯೂಟಿ. ಒಂದು ಹೊತ್ತೂ ತಪ್ಪಿಸಬಾರದು."

ಡಬ್ಬಿಯಲ್ಲಿ ಪುಟ್ಟ ಪುಟ್ಟ ಬಿಳಿ ಅರ್ಧಚಂದ್ರಗಳಿದ್ದವು. ನಾಯಿಗಳ ಮಾತ್ರೆ ಹೀಗೇ ಇರುತ್ತದೇನೋ ಎಂದುಕೊಂಡು ಪಿಟೀಲು ದಿನಕ್ಕೆ ಎರಡು ಅರ್ಧಚಂದ್ರ ಕೊಟ್ಟಳು.

ಒಂದು ದಿನ ಮೆಡಿಕಲ್ ಶಾಪಿನಿಂದ ಬಂದ ಅಮ್ಮ ಚೀಲ ಕೆಳಗಿಟ್ಟು, ತನಗೆ ತಾನೇ ಹೇಳಿಕೊಂಡಳು: "ಈ ಡಬ್ಬಿ ಖಾಲಿಯಾದ ಮೇಲೆ ಏನ್ಮಾಡೋದೋ, ದೇವರೇ ಬಲ್ಲ."

ಪಿಟೀಲು ಆ ಮಾತನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದಳು. ಡಬ್ಬಿ ಖಾಲಿಯಾದರೆ ಮಾತ್ರೆ ಇಲ್ಲ. ಮಾತ್ರೆ ಇಲ್ಲದಿದ್ದರೆ ಪೈಲ್ವಾನ ಇಲ್ಲ. ಹಾಗಾದರೆ ಮಾಡಬೇಕಾದ್ದು ಒಂದೇ. ಡಬ್ಬಿ ಖಾಲಿಯಾಗಬಾರದು.

ದಾರ ಕತ್ತರಿಸುವ ಚಿಕ್ಕ ಕತ್ತರಿಯಿಂದ ಅವಳು ಅರ್ಧಚಂದ್ರವನ್ನು ಎರಡು ಮಾಡಿದಳು. ಒಂದು ಚೂರು ಪೈಲ್ವಾನನಿಗೆ, ಇನ್ನೊಂದು ವಾಪಸ್ ಡಬ್ಬಿಗೆ. ಅಮ್ಮ ಆಗಾಗ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಸದ್ದು ಬಂದರೆ ಅವಳಿಗೆ ಸಮಾಧಾನ. "ಪರವಾಗಿಲ್ವೇ, ಇನ್ನೂ ಬೇಕಾದಷ್ಟಿದೆ," ಎನ್ನುತ್ತಿದ್ದಳು. ಪಿಟೀಲಿಗೆ ಹೆಮ್ಮೆ.

ಹೀಗೆ ಎರಡು ವಾರ.

*

ಸ್ಕೂಲಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯ ಹೆಸರು ರೇಡಿಯೊ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

"ಏನೇ, ಮುಖ ಯಾಕೆ ಹಂಗಿಟ್ಕೊಂಡಿದ್ದೀಯ? ಹೋಮ್‌ವರ್ಕ್ ಮಾಡಿಲ್ವಾ?"

"ನಮ್ಮ ಪೈಲ್ವಾನ ಬಿಸ್ಕೆಟ್ ತಿನ್ನಲಿಲ್ಲ."

"ಅಯ್ಯೋ!" ಎಂದಳು ರೇಡಿಯೊ. ಅವಳಿಗೆ ಎಂಥ ಸುದ್ದಿಯೂ ಸಾಲದು, ತನ್ನದೊಂದು ಸೇರಿಸಲೇಬೇಕು. "ನಮ್ಮ ಮಾವನ ಮನೆ ನಾಯೀನೂ ಹಂಗೇ ಮಾಡ್ತು ಕಣೇ. ಬೆಳಿಗ್ಗೆ ಊಟ ಬಿಡ್ತು. ಮಧ್ಯಾಹ್ನ ಒಂದು ಮೂಲೆಗೆ ಹೋಗಿ ಮಲಗ್ತು. ಸಂಜೆ ನೋಡಿದ್ರೆ..."

"ನೋಡಿದ್ರೆ?"

ರೇಡಿಯೊ ಪಿಟೀಲಿನ ಮುಖ ನೋಡಿದಳು. ಹುಟ್ಟಿದಾಗಿನಿಂದ ಮೊದಲ ಸಲ ಸುದ್ದಿಯನ್ನು ಅರ್ಧಕ್ಕೆ ನಿಲ್ಲಿಸಿದಳು. "ಏನಿಲ್ಲ ಬಿಡು. ಅದು ಬೇರೆ ಜಾತಿ ನಾಯಿ."

ಇದಕ್ಕಿಂತ ಪೂರ್ತಿ ಹೇಳಿದ್ದರೇ ವಾಸಿಯಿತ್ತು.

ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ವೃತ್ತ ಬರೆದು ಎರಡು ಭಾಗ ಮಾಡಿದರು. ಆಮೇಲೆ ನಾಲ್ಕು ಮಾಡಿದರು. ಪಿಟೀಲು ಅದನ್ನು ನೋಡಲಾರದೆ ತಲೆ ತಗ್ಗಿಸಿದಳು. ಈಗ ಅವನು ಮೂಲೆಗೆ ಹೋಗಿ ಮಲಗಿರಬಹುದೇ? ಯಾವ ಮೂಲೆ? ಮೆಷಿನ್ ಕೆಳಗಿನದೇ, ಬಟ್ಟೆ ಗಂಟಿನ ಹಿಂದಿನದೇ? ಅಮ್ಮನಿಗೆ ಹೇಳಿಬಿಡಲೇ? ಹೇಳಿದರೆ ಅಮ್ಮ ಏನೆನ್ನುತ್ತಾಳೆ? ಬೈದರೆ ಬೈಯಲಿ. ಬೈಯದೆ ಸುಮ್ಮನೆ ನೋಡಿದರೆ?

ಸುಮ್ಮನೆ ನೋಡುವುದೇ ಅವಳಿಗೆ ಬೈಗುಳಕ್ಕಿಂತ ದೊಡ್ಡ ಭಯ.

ಗಂಟೆ ಹೊಡೆದದ್ದೇ ಓಡಿದಳು. ಮನೆಯ ತಿರುವಿನಲ್ಲಿ ಮಾತ್ರ ಕಾಲು ತಾನಾಗಿ ನಿಂತಿತು. ತಿರುವು ದಾಟಿದರೆ ಬಾಗಿಲು ಕಾಣುತ್ತದೆ. ಬಾಗಿಲಲ್ಲಿ ಏನು ಕಾಣುತ್ತದೋ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಇಟ್ಟು, ಆಮೇಲೆ ಒಂದೇ ಕಣ್ಣು ತೆರೆದಳು.

ಬಟ್ಟೆ ಗಂಟು ಸಾಗಿಸುವ ಎರಡು ಚಕ್ರದ ತಳ್ಳುಗಾಡಿ ಬಾಗಿಲಲ್ಲಿ ನಿಂತಿತ್ತು. ಮೇಲೆ ಹಳೆಯ ಕಂಬಳಿ. ಕಂಬಳಿಯ ಮೇಲೆ ಪೈಲ್ವಾನ. ಹೊಟ್ಟೆ ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು. ಅಷ್ಟು ಬೇಗ ಬೇಗ ಆಗುತ್ತಿದ್ದದ್ದು ಬೆಳಿಗ್ಗೆ ಭಯ ಹುಟ್ಟಿಸಿತ್ತು, ಈಗ ಅದೇ ಧೈರ್ಯ ಕೊಟ್ಟಿತು.

"ಬ್ಯಾಗ್ ಒಳಗಿಟ್ಟು ಬಾ, ಬೇಗ," ಎಂದಳು ಅಮ್ಮ. "ಐದಕ್ಕೆ ಬಾಗಿಲು ಹಾಕ್ಬಿಡ್ತಾರೆ."

ಅಜ್ಜ ಬಾಗಿಲಲ್ಲಿ ನಿಂತು, "ಬೇಗ ವಾಸಿಯಾಗಿ ಬಾರೋ ಮುದುಕ," ಎಂದು ಪೈಲ್ವಾನನ ತಲೆ ತಟ್ಟಿದ. ಎಪ್ಪತ್ತೆರಡು ವರ್ಷದ ಅಜ್ಜ ಬೇರೆಯವರನ್ನು ಮುದುಕ ಎನ್ನುವ ಅವಕಾಶವನ್ನು ಯಾವತ್ತೂ ಬಿಡುವವನಲ್ಲ.

ಒಳಗೆ ಹೋದ ಪಿಟೀಲು ಗುಂಡಿ ಡಬ್ಬಿಯನ್ನು ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು. ಯಾಕೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮನ ಕಣ್ಣಿಗೆ ಬೀಳಬಾರದು ಎಂದೋ, ಡಾಕ್ಟ್ರಮ್ಮನಿಗೆ ತೋರಿಸಬೇಕು ಎಂದೋ.

ದಾರಿಯುದ್ದಕ್ಕೂ ಜೇಬು ಟಕ ಟಕ ಎನ್ನುತ್ತಿತ್ತು.

"ಏನೇ ಅದು ಸದ್ದು?"

"ಕಾಂಪಾಸ್ ಬಾಕ್ಸು."

"ಆಸ್ಪತ್ರೇಲಿ ಜಾಮಿಟ್ರಿ ಮಾಡ್ತೀಯಾ?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

*

ಪ್ರಾಣಿಗಳ ಆಸ್ಪತ್ರೆಯಲ್ಲಿ ಉದ್ದನೆಯ ಒಂದೇ ಬೆಂಚು. ಅದರ ಒಂದು ತುದಿಯಲ್ಲಿ ಚೀಲದೊಳಗೆ ಕೋಳಿ ಇಟ್ಟುಕೊಂಡ ಒಬ್ಬರು ಕೂತಿದ್ದರು. ಚೀಲದ ಬಾಯಿಂದ ಕೋಳಿ ತಲೆ ಹೊರಹಾಕಿ, ಯಾರು ಯಾರು ಬಂದಿದ್ದಾರೆ ಎಂದು ನೋಡುತ್ತಿತ್ತು.

"ಎಷ್ಟು ವರ್ಷಮ್ಮಾ ನಾಯಿಗೆ?" ಕೋಳಿಯವರು ಕೇಳಿದರು.

"ಹದಿಮೂರು," ಎಂದಳು ಅಮ್ಮ.

"ಓಹೋ. ಹಾಗಾದ್ರೆ ಪೆನ್ಷನ್ ವಯಸ್ಸು. ಇನ್ನೇನು, ಆಯ್ತಲ್ಲ."

ಆ ಕೋಳಿಯ ಮೇಲೆ ಪಿಟೀಲಿಗೆ ವಿನಾ ಕಾರಣ ಸಿಟ್ಟು ಬಂತು.

ಡಾಕ್ಟ್ರಮ್ಮ ಪೈಲ್ವಾನನನ್ನು ಸ್ಟೀಲ್ ಟೇಬಲ್ಲಿನ ಮೇಲೆ ಮಲಗಿಸಿ, ಎದೆಗೆ ಸ್ಟೆತಾಸ್ಕೋಪು ಇಟ್ಟರು. ಬಹಳ ಹೊತ್ತು ಕೇಳಿದರು. ಆ ಕಡೆ ಇಟ್ಟು ಕೇಳಿದರು, ಈ ಕಡೆ ಇಟ್ಟು ಕೇಳಿದರು. ವಸಡು ಒತ್ತಿ ನೋಡಿದರು. ಪೈಲ್ವಾನ ಸುಮ್ಮನೆ ಬಿಟ್ಟುಕೊಟ್ಟ. ಮೊದಲ ಸಲ ಬಂದಾಗ ಮೂರು ಜನ ಹಿಡಿದರೂ ನಿಂತಿರಲಿಲ್ಲ ಅವನು.

"ಎದೇಲಿ ನೀರು ತುಂಬಿದೆಮ್ಮಾ," ಎಂದರು ಡಾಕ್ಟ್ರಮ್ಮ. "ಮಾತ್ರೆ ಕೊಡ್ತಿದ್ದೀರಾ?"

"ಹೂಂ."

"ದಿನಾ ಎರಡು ಹೊತ್ತೂ?"

"ಒಂದು ಹೊತ್ತೂ ತಪ್ಪಿಸಿಲ್ಲ."

ಡಾಕ್ಟ್ರಮ್ಮ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. ದೊಡ್ಡವರು ಕೆಟ್ಟ ಮಾತು ಹೇಳುವ ಮುಂಚೆ ಏನಾದರೂ ಒರೆಸುತ್ತಾರೆ.

"ಸರಿಯಾಗಿ ಕೊಟ್ಟೂ ಎರಡೇ ತಿಂಗಳಿಗೆ ಹೀಗಾಗಿದೆ ಅಂದ್ರೆ, ಔಷಧಿ ಇವನಿಗೆ ನಾಟ್ತಾ ಇಲ್ಲ ಅಂತ ಅರ್ಥ. ಇದಕ್ಕಿಂತ ದೊಡ್ಡ ಔಷಧಿ ನನ್ನ ಹತ್ರ ಇಲ್ಲ. ನೀರು ಇಳಿಸಿದ್ರೂ ಮತ್ತೆ ತುಂಬುತ್ತೆ. ಉಸಿರು ಕಟ್ಟಿ ಕಟ್ಟಿ ಒದ್ದಾಡ್ತಾನೆ, ಪಾಪ. ನಿಮಗೆ ಒಪ್ಪಿಗೆ ಇದ್ರೆ... ನೋವಿಲ್ಲದ ಹಾಗೆ ಮಲಗಿಸೋ ಇಂಜೆಕ್ಷನ್ ಇದೆ. ಯೋಚನೆ ಮಾಡಿ. ಅವಸರ ಇಲ್ಲ. ಆದ್ರೆ ತುಂಬಾ ದಿನಾನೂ ಇಲ್ಲ."

ಪಿಟೀಲು ಅಮ್ಮನ ಕಡೆ ನೋಡಿದಳು. ಬೇಡ ಅನ್ನುತ್ತಾಳೆ. ಈಗ ಅನ್ನುತ್ತಾಳೆ. ತರಕಾರಿಯವನ ಹತ್ತಿರ ಅರ್ಧ ಗಂಟೆ ವಾದ ಮಾಡುವ ಅಮ್ಮ ಇಲ್ಲಿ ಒಂದು ಮಾತು ಆಡುವುದಿಲ್ಲವೇ?

ಅಮ್ಮ ಟೇಬಲ್ಲಿನ ಅಂಚು ಹಿಡಿದು ಸುಮ್ಮನೆ ನಿಂತಿದ್ದಳು. ತುಟಿ ಮಾತ್ರ ಒಂದು ಸಲ ಅಲುಗಿತು.

"ಔಷಧಿ ನಾಟುತ್ತೆ!" ಎಂದಳು ಪಿಟೀಲು.

ದನಿ ಕೂಸಾಗಿದ್ದಾಗಿನ ದನಿಯೇ, ಒಂದೇ ತಂತಿಯದು. ಹೊರಗೆ ಕೋಳಿ ಕೂಡ ಒಂದು ಸಲ ಕೊಕ್ ಎಂದು ಸುಮ್ಮನಾಯಿತು.

"ಔಷಧಿ ಸರಿಯಾಗೇ ಇದೆ. ನಾನೇ ಸರಿಯಾಗಿ ಕೊಡಲಿಲ್ಲ. ನಾನು ಮಾತ್ರೇನ ಕತ್ತರಿಸಿ ಅರ್ಧ ಅರ್ಧ ಕೊಟ್ಟೆ. ಡಬ್ಬಿ ಖಾಲಿಯಾಗ್ಬಾರ್ದು ಅಂತ. ಎರಡು ವಾರದಿಂದ. ಅಮ್ಮಂಗೆ ಗೊತ್ತಿಲ್ಲ. ಇಂಜೆಕ್ಷನ್ ಬೇಡ ಡಾಕ್ಟ್ರಮ್ಮಾ, ಪ್ಲೀಸ್. ನಂದೇ ತಪ್ಪು, ಅವನದ್ದಲ್ಲ."

ಜೇಬಿನಿಂದ ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಡಬ್ಬಿ ಟಕ ಟಕ ಎಂದಿತು. ಅಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ.

ಡಾಕ್ಟ್ರಮ್ಮ ಡಬ್ಬಿಯನ್ನು ಒಂದು ಬಿಳಿ ಹಾಳೆಯ ಮೇಲೆ ಸುರಿದರು. ಅದರಲ್ಲಿ ಕೆಲವು ಅರ್ಧಚಂದ್ರ, ಕೆಲವು ಚೂರು. ಎರಡು ಚೂರನ್ನು ಬೆರಳಿನಿಂದ ಜೋಡಿಸಿದರು. ಒಂದು ಅರ್ಧಚಂದ್ರವಾಯಿತು.

"ಇದನ್ನ ನೀನು ಕತ್ತರಿಸಿದ್ದು, ಅಲ್ವಾ ಪುಟ್ಟಿ?"

"ಹೂಂ."

"ಸರಿ." ಡಾಕ್ಟ್ರಮ್ಮ ಕಪಾಟಿನಲ್ಲಿ ಸ್ಯಾಂಪಲ್ಲಿಗೆ ಇಟ್ಟಿದ್ದ ಒಂದು ಮಾತ್ರೆ ತಂದು ಅದರ ಪಕ್ಕ ಇಟ್ಟರು. "ಇದು ನಾನು ಬರೆದುಕೊಟ್ಟ ಮಾತ್ರೆ."

ಅದು ಗುಂಡಗಿತ್ತು. ಹುಣ್ಣಿಮೆ ಚಂದ್ರನಂತೆ.

ಪಿಟೀಲು ಹಾಳೆಯನ್ನೇ ನೋಡಿದಳು. ಗುಂಡಗಿನ ಮಾತ್ರೆ. ಪಕ್ಕದಲ್ಲಿ ಅರ್ಧಚಂದ್ರ. ಅದರ ಪಕ್ಕದಲ್ಲಿ ತನ್ನ ಚೂರು. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಲೆಕ್ಕ ಅವಳಿಗೆ ಈಗ, ಬೇಡದ ಹೊತ್ತಿನಲ್ಲಿ, ಚೆನ್ನಾಗಿ ಅರ್ಥವಾಯಿತು. ಅರ್ಧಚಂದ್ರದ ನೇರ ಅಂಚು ಎಲ್ಲೂ ಪುಡಿಯಾಗಿರಲಿಲ್ಲ. ಅಷ್ಟು ಚೊಕ್ಕವಾಗಿ ಕತ್ತರಿಸುವ ಕೈ ಆ ಬೀದಿಯಲ್ಲೇ ಒಂದೇ ಇತ್ತು.

"ಅದು ನಾನು," ಎಂದಳು ಅಮ್ಮ.

ತುಂಬಾ ಮೆಲ್ಲಗೆ ಹೇಳಿದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದಳು. "ಅರ್ಧ ಮಾಡಿದ್ದು ನಾನು. ಆ ತಿಂಗಳು ಕೆಲಸ ಕಮ್ಮಿ ಇತ್ತು. ಒಂದು ತಿಂಗಳು ಅರ್ಧ ಕೊಟ್ರೆ ಏನಾಗುತ್ತೆ ಅಂದ್ಕೊಂಡೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

"ಅಂದ್ರೆ ಅವನಿಗೆ ಬಿದ್ದಿರೋದು ಕಾಲು," ಎಂದರು ಡಾಕ್ಟ್ರಮ್ಮ. ನಗಬೇಕೋ ಬೈಯಬೇಕೋ ಅವರಿಗೂ ತೋಚಲಿಲ್ಲ. ಕೊನೆಗೆ ಬೈದರು. "ಅಲ್ಲಮ್ಮಾ, ಕಷ್ಟ ಅಂತ ಒಂದು ಮಾತು ಹೇಳೋದಕ್ಕೆ ಏನಾಗಿತ್ತು? ಇದೇ ಮಾತ್ರೆ ಬೇರೆ ಕಂಪನೀದು ಅರ್ಧ ರೇಟಿಗೆ ಸಿಗುತ್ತೆ. ಕೇಳಿದ್ರೆ ನಾನೇನು ಬಾಯಿಗೆ ಬೀಗ ಹಾಕ್ಕೊಂಡಿದ್ನಾ?"

ಅಮ್ಮ ತಲೆ ತಗ್ಗಿಸಿದಳು. ಬೈಸಿಕೊಳ್ಳುವಾಗ ಅವಳು ನಿಂತ ರೀತಿ ಐದನೇ ಕ್ಲಾಸಿನವರು ನಿಲ್ಲುವ ರೀತಿಯೇ ಇತ್ತು.

"ಈಗ ಉಳೀತಾನಾ?" ಪಿಟೀಲು ಕೇಳಿದಳು.

"ನೋಡೋಣ. ನೀನು ಈಗ ಹೇಳಿದ್ದು ಒಳ್ಳೇದಾಯ್ತು. ನಾಳೆ ಹೇಳಿದ್ರೆ ಏನೂ ಮಾಡೋಕಾಗ್ತಿರ್ಲಿಲ್ಲ." ಡಾಕ್ಟ್ರಮ್ಮ ಸಿರಿಂಜು ತೆಗೆದರು. ಪಿಟೀಲಿನ ಮುಖ ನೋಡಿ, "ಇದು ಆ ಇಂಜೆಕ್ಷನ್ ಅಲ್ಲ. ನೀರು ಇಳಿಯೋದಕ್ಕೆ," ಎಂದರು. "ಒಂದು ಗಂಟೆ ಕಾಯಬೇಕು. ಎದೇಲಿರೋ ನೀರು ಹೊರಗೆ ಹೋದ್ರೆ ಗೆದ್ದ. ಹೋಗ್ಲಿಲ್ಲ ಅಂದ್ರೆ..."

ರೇಡಿಯೊ ನಿಲ್ಲಿಸಿದ ಹಾಗೆಯೇ ಅವರೂ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು.

*

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಕಂಬಳಿ ಹಾಸಿ ಪೈಲ್ವಾನನನ್ನು ಮಲಗಿಸಿದರು. ಅವನ ಆ ಕಡೆ ಅಮ್ಮ, ಈ ಕಡೆ ಪಿಟೀಲು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಕೋಳಿಯವರು ಕೋಳಿಯ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಹೋದರು. ಒಳಗೆ ಯಾರೋ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು.

ಪೈಲ್ವಾನ ಕಣ್ಣು ಮುಚ್ಚಿದ. ಪಿಟೀಲು ಹತ್ತಿರ ಸರಿದಳು. ಅವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಇದೆ. ಇದೆ. ಇದೆ.

ಮೂವತ್ತೈದನೇ ನಿಮಿಷಕ್ಕೆ ಪೈಲ್ವಾನ ತಲೆಯೆತ್ತಿದ. ಮುಂಗಾಲು ಊರಿದ, ಹಿಂಗಾಲು ಊರಿದ, ಎದ್ದು ನಿಂತ. ಓಲಾಡುತ್ತಾ ಗೋಡೆಯವರೆಗೆ ಹೋಗಿ, ಕಾಲೆತ್ತಲು ಶಕ್ತಿಯಿಲ್ಲದೆ ಹಾಗೇ ನಿಂತು, ಹೊಯ್ಯತೊಡಗಿದ. ಹೊಯ್ದ. ಹೊಯ್ದ. ಹೊಯ್ಯುತ್ತಲೇ ಇದ್ದ. ಅಂಗಳದ ಇಳಿಜಾರಿನಲ್ಲಿ ಒಂದು ಪುಟ್ಟ ಹೊಳೆಯೇ ಹುಟ್ಟಿ, ಡಾಕ್ಟ್ರಮ್ಮನ ಸ್ಕೂಟರಿನ ಚಕ್ರ ಸುತ್ತಿ ಮುಂದೆ ಹೋಯಿತು.

"ಶಭಾಷ್!" ಎಂದರು ಕಿಟಕಿಯಲ್ಲಿ ನಿಂತಿದ್ದ ಡಾಕ್ಟ್ರಮ್ಮ. ನಾಯಿಯೊಂದು ಹೊಯ್ದದ್ದಕ್ಕೆ ಮೂರು ಜನ ಇಷ್ಟು ಸಂತೋಷಪಟ್ಟದ್ದನ್ನು ಆ ಸ್ಕೂಟರು ಎಂದೂ ಕಂಡಿರಲಿಕ್ಕಿಲ್ಲ.

ವಾಪಸ್ಸು ಬರುವಾಗ ಅಮ್ಮ ಗಾಡಿ ತಳ್ಳುತ್ತಿದ್ದಳು. ಮೆಡಿಕಲ್ ಶಾಪಿನ ಪೊಟ್ಟಣ ಅವಳ ಚೀಲದಲ್ಲಿತ್ತು. ಅವಳು ಬೈಯಬಹುದು ಎಂದು ಪಿಟೀಲು ಮೂರು ಬೀದಿ ಕಾದಳು. ಬೈಯಲಿಲ್ಲ. ಸುಮ್ಮನೆ ನೋಡಲೂ ಇಲ್ಲ.

ನಾಲ್ಕನೇ ಬೀದಿಯಲ್ಲಿ ಅಮ್ಮ ಹೇಳಿದಳು: "ಇವತ್ತು ನೀನು ಸ್ಕೂಲಿಗೆ ಹೋದ್ಮೇಲೆ ನಾನು ಮೆಷಿನ್ನೇ ತುಳಿಲಿಲ್ಲ ಕಣೇ."

"ಯಾಕೆ?"

"ಅದು ಸದ್ದು ಮಾಡಿದ್ರೆ ಇವನ ಉಸಿರು ಕೇಳಿಸಲ್ಲ ಅಂತ."

ಪಿಟೀಲಿಗೆ ಕಣ್ಣಿಗೆ ಕಟ್ಟಿದಂತಾಯಿತು. ತಾನು ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅಷ್ಟು ಹೊತ್ತೂ, ಸದ್ದಿಲ್ಲದ ಆ ಕೋಣೆಯಲ್ಲಿ, ಅರ್ಧ ಹೊಲಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನೂ ಒಬ್ಬಳೇ ಕೂತಿದ್ದಳು.

ಮುಂದೆ ಏರು ಬಂತು. ಪಿಟೀಲು ಗಾಡಿಯ ಇನ್ನೊಂದು ಹಿಡಿಯನ್ನು ಹಿಡಿದುಕೊಂಡಳು. ಇಬ್ಬರೂ ಸೇರಿ ತಳ್ಳಿದರು.

ಆ ಸಂಜೆ ಪೈಲ್ವಾನ ಒಂದು ಇಡೀ ಮಾತ್ರೆ ನುಂಗಿದ. ಆಮೇಲೆ ಒಂಬತ್ತು ತಿಂಗಳು ಬದುಕಿದ.